ಬಾಯಿಗೆ ಬಾರದ ಹೆಸರು

ಬೆಳಿಗ್ಗೆಯಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮುಧೋಳದ ಹೊಸ ವ್ಯಾಪಾರಿ ಗಿರಿಮಲ್ಲಪ್ಪ ಅವ್ವನ ಸೀರೆ ನೋಡಲು ಬರುವವನಿದ್ದ. ನಮ್ಮ ಮಗ್ಗ ಮಾತ್ರ ಮೊಂಡು ಹಿಡಿದು ನಿಂತಿತ್ತು. ಸೀರೆಯ ಹೆಸರು, ನಮೂನೆ ಕೊಟ್ಟರೆ ಮಗ್ಗ ನಡೆಸುವ ಕೋಡನ್ನು ತಾನೇ ಬರೆದುಕೊಡುವ ಪ್ರೋಗ್ರಾಮ್ ಮಾಡಿದವಳು ನಾನೇ. ಬನಹಟ್ಟಿಯ ನಮ್ಮ ಓಣಿಯಲ್ಲೆಲ್ಲ ಜಂಬ ಕೊಚ್ಚಿಯೂ ಆಗಿತ್ತು. ಬೇರೆಲ್ಲ ಸೀರೆಗೂ ಒಪ್ಪಿದ ಅದು, ಇದೊಂದಕ್ಕೆ ಕೆಂಪಕ್ಷರದಲ್ಲಿ ತಪ್ಪು ತೋರಿಸುತ್ತಿತ್ತು.

ತಪ್ಪೆಲ್ಲ ಹೆಸರಿನದು. ಅವ್ವ ಈ ಸೀರೆ ಮೊದಲ ಸಲ ನೇಯ್ದಾಗ ಅಪ್ಪ ಸೆರಗು ಹಿಡಿದು ನೋಡಿ ‘ಸೂಪರ್’ ಅಂದಿದ್ದ. ಅದೇ ಹೆಸರಾಗಿ ನಿಂತಿತು. ಆದರೆ ಕೋಡಿನ ಭಾಷೆ ಕೆಲವು ಮಾತುಗಳನ್ನು ತನಗೇ ಅಂತ ಕಾದಿಟ್ಟುಕೊಂಡಿರುತ್ತದೆ. ಅವನ್ನು ಬೇರೆ ಯಾವುದಕ್ಕೂ ಹೆಸರಾಗಿ ಇಡಗೊಡುವುದಿಲ್ಲ. ‘ಸೂಪರ್’ ಅಂಥದೊಂದು. ತಲೆ ಕೆಟ್ಟು ಅದನ್ನು ಅಳಿಸಿ, ತೀರಿಹೋದ ಅಪ್ಪನ ಹೆಸರನ್ನೇ ಟೈಪು ಮಾಡಿದೆ: ರಾಜಕುಮಾರ. ಮಗ್ಗ ಓಡಿತು. ಇಂಥ ಮಗಳು ಯಾರಿಗಿದ್ದಾಳೆ ಎಂದು ನನಗೆ ನಾನೇ ಬೀಗಿದೆ.

ಗಿರಿಮಲ್ಲಪ್ಪ ಬಂದು, ಅವ್ವ ಮೊದಲೇ ನೇಯ್ದಿಟ್ಟಿದ್ದ ಸೀರೆಯನ್ನು ತಿರುವಿ ಮುರುವಿ ನೋಡಿ ಅವಳತ್ತ ತಿರುಗಿದ.

“ಇಂಥಾದ್ದ ರಬಕವ್ಯಾಗೂ ನೋಡೇನಿ. ಖರೇ ನಿಮ್ದ ಏನ್ರಿ ಇದು, ದಾನಮ್ಮಾರ? ಹೆಸರೇನಿಟ್ಟೀರಿ?”

“ರಾಜಕುಮಾರ,” ಎಂದೆ ನಾನು.

“ನೀ ಸುಮ್ನಿರವಾ. ನೇಯ್ದವ್ರು ಹೇಳ್ಲಿ.”

ಅವ್ವ ನನ್ನ ಮುಖ ನೋಡಿದಳು. ಗಂಡನ ಹೆಸರನ್ನು ಅವಳು ಒಂದು ದಿನವೂ ಬರಿದೇ ಹೇಳಿದವಳಲ್ಲ. ಹೇಳಲೇಬೇಕಾದರೆ ಪ್ರಾಸ ಹಾಕಿ ಒಡಪು ಕಟ್ಟಿ, ಅದರೊಳಗಿಟ್ಟು ಹೇಳುತ್ತಿದ್ದಳು. ಅಪ್ಪ ಹೋದ ಮೇಲೆ ಒಡಪು ಹೇಳು ಅಂತ ಅವಳನ್ನು ಯಾರೂ ಕೇಳಿರಲಿಲ್ಲ. ಈಗ ‘ಸೂಪರ್’ ಅಂದರೆ ನಾನಂದದ್ದು ಸುಳ್ಳಾಗುತ್ತಿತ್ತು. ಅವಳ ಸೀರೆಯನ್ನು ಅವಳ ಬಾಯಿಂದಲೇ ಕಿತ್ತುಕೊಂಡುಬಿಟ್ಟಿದ್ದೆ.

“ಹೆಸರ ಗೊತ್ತಿಲ್ಲಂದ್ರ ನಿಮ್ದಲ್ಲ ಬಿಡ್ರಿ,” ಎನ್ನುತ್ತ ಅವನು ಹೊಸ್ತಿಲಾಚೆ ಚಪ್ಪಲಿ ಮೆಟ್ಟತೊಡಗಿದ.

ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು.

“ಬನಹಟ್ಟಿ ಮಗ್ಗಕ್ಕ ಬಣ್ಣದ ದಾರ,
ಈ ಸೀರಿ ಮೆಚ್ಚಿದವ್ರು ನಮ್ಮ ರಾಜಕುಮಾರ.”

ಗಿರಿಮಲ್ಲಪ್ಪ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದ.

“ತಪ್ಪಾತ್ರಿ ಯವ್ವಾ. ಸೀರಿ ನಿಮ್ದ. ನಾ ಒಯ್ತೀನಿ.”

ಅವನು ಹೋದದ್ದೇ ತಡ, ನಾನು ಪ್ರೋಗ್ರಾಮ್ ತೆರೆದೆ. ಭಾಷೆ ಕಾದಿಟ್ಟ ಮಾತು ಹೆಸರಾಗಿ ಬಂದರೆ ಅದರ ಕೊನೆಗೊಂದು ಅಡಿಗೆರೆ ಸೇರಿಸು ಎಂದು ಬರೆದೆ. ಅಪ್ಪ ಅಂದ ಹೆಸರು ಮರಳಿ ಬಂತು, ಮಗ್ಗವೂ ಓಡಿತು.

ಅವ್ವ ಕನ್ನಡಕ ಏರಿಸಿ ಪರದೆಯತ್ತ ಬಗ್ಗಿದಳು.

“ಸೂಪರ್ ಕೊನಿಗೆ ಆ ಗೆರಿ ಯಾಕ, ಮಂಗಲಾ?”

“ಅದು ಮಗ್ಗದ ಒಡಪು, ಯವ್ವಾ.”