ಪಸ್ಕದ ಹಿಟ್ಟಿಗೆ ಬಿದ್ದ ಹುಳಿ

ಮಧುಗಿರಿಯ ಆ ಸಣ್ಣ ಚರ್ಚಿನಲ್ಲಿ ಯೆಹೂದ್ಯರ ಹಬ್ಬಗಳ ಮಾತು ಬಂತೆಂದರೆ ಎಲ್ಲರೂ ಯೂನಿಕಮ್ಮ ಟೀಚರ ಕಡೆ ತಿರುಗುತ್ತಿದ್ದರು. ಪಸ್ಕ ಎಂದರೇನು, ಸುಗ್ಗಿಯ ಪ್ರಥಮಫಲದ ತೆನೆಕಟ್ಟನ್ನು ಯಾವ ದಿನ ಅರ್ಪಿಸುತ್ತಿದ್ದರು, ಪರ್ಣಶಾಲೆಗಳ ಹಬ್ಬದಲ್ಲಿ ಜನ ಏಳು ದಿನ ಗುಡಿಸಲಲ್ಲಿ ಏಕಿರುತ್ತಿದ್ದರು, ಇವೆಲ್ಲ ಕ್ರಿಸ್ತನಲ್ಲಿ ಹೇಗೆ ನೆರವೇರಿದವು ಎಂಬುದನ್ನು ಅವರು ಹದಿನಾಲ್ಕು ವರ್ಷದಿಂದ ಭಾನುವಾರದ ಶಾಲೆಯ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದರು. ಅವರ ತಾತ ತುಮಕೂರಿನಲ್ಲಿ ಮಿಷನ್ ಶಾಲೆಯ ಮೇಷ್ಟ್ರು. ಗಂಡ ತೀರಿಕೊಂಡ ಮೇಲೆ ಯೂನಿಕಮ್ಮನವರಿಗೆ ಚರ್ಚೇ ಮನೆಯಾಗಿತ್ತು. ಆರಾಧನೆಯಲ್ಲಿ ಹಂಚುವ ಕರ್ತನ ಭೋಜನದ ರೊಟ್ಟಿಯ ಹಿಟ್ಟನ್ನು ಅವರು ಬಿಟ್ಟು ಬೇರೆ ಯಾರೂ ಕಲಸಿರಲಿಲ್ಲ.

ಪಟಾಲಮ್ಮ ಚರ್ಚಿನ ಸಭೆಗೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಬಡವನಹಳ್ಳಿ ಕಡೆಯಿಂದ ಗಂಡನ ಜೊತೆ ಬಂದು, ಬೆಟ್ಟದ ಬುಡದಲ್ಲಿ ಜಲ್ಲಿ ಒಡೆಯುತ್ತಿದ್ದಳು. ಓದು ಬರಹ ಇಲ್ಲ. ದೀಕ್ಷಾಸ್ನಾನದ ದಿನ ಯಾವ ಹೆಸರು ಇಡೋಣ ಎಂದು ಆಗಿನ ಪಾದ್ರಿ ಅಯ್ಯನವರು ಕೇಳಿದ್ದಕ್ಕೆ, "ನಮ್ಮವ್ವ ಇಟ್ಟಿದ್ದೇ ಇರ್ಲಿ ಬುಡಿ ಅಯ್ನೋರೆ, ಕರೆದ್ರೆ ತಿರುಗಿ ನೋಡಾಕಾದ್ರೂ ಆಯ್ತದೆ" ಎಂದಿದ್ದಳು. ಗ್ರಾಮದೇವತೆಯ ಹೆಸರು ಹಾಗೇ ಉಳಿಯಿತು. ಯೂನಿಕಮ್ಮನವರಿಗೆ ಅದು ಅಂದೇ ಸರಿಬರಲಿಲ್ಲ.

ಐವತ್ತೇಳನೆಯ ಇಸವಿಯ ಮಾರ್ಚಿನಲ್ಲಿ, ಒಂದು ಬುಧವಾರದ ಪ್ರಾರ್ಥನೆಗೆ ಜನ ಸೇರಿದ್ದರು. ಹೊಸದಾಗಿ ಬಂದಿದ್ದ ಅಯ್ಯನವರು ಇಸ್ರಾಯೇಲ್ಯರು ಐಗುಪ್ತ ಬಿಟ್ಟ ಕಥೆ ಹೇಳಿದರು. ಬಾಗಿಲಿಗೆ ಕುರಿಮರಿಯ ರಕ್ತ ಹಚ್ಚಿದ ಮನೆಗಳನ್ನು ಸಾವು ದಾಟಿಹೋದದ್ದು, ಹಿಟ್ಟು ಹುಳಿಯಾಗುವುದಕ್ಕೂ ಬಿಡದೆ ಜನ ಹೊರಟದ್ದು, ಎಲ್ಲವನ್ನೂ ಹೇಳಿ, "ಇದರ ಅರ್ಥ ಯಾರು ಹೇಳ್ತೀರಿ?" ಎಂದರು. ಯೂನಿಕಮ್ಮ ಸೆರಗು ಸರಿಮಾಡಿಕೊಂಡು ಏಳುವಷ್ಟರಲ್ಲಿ ಹಿಂದಿನ ಚಾಪೆಯಿಂದ ಪಟಾಲಮ್ಮನ ದನಿ ಬಂತು.

"ನಾನು ಚಿಕ್ಕೋಳಿದ್ದಾಗ ಪಿಲೇಗು ಬಂತು ಅಯ್ನೋರೆ. ಇಲಿ ಬಿದ್ವು ಅಂತ ಕೂಗಿದ್ದೇ ತಡ, ಊರೇ ಎದ್ದು ಹೊಲಕ್ಕೋಯ್ತು. ಹಿಟ್ಟಿನ ಮಡಿಕೆ ಒಲೆ ಮ್ಯಾಲಿತ್ತು, ಅವ್ವ ಅಂಗೇ ತಲೆ ಮ್ಯಾಲೆ ಹೊತ್ಕಂಡ್ಲು. ಹೊರಡಾಕೆ ಮುಂಚೆ ಬಾಗ್ಲಿಗೆ ಕೆಮ್ಮಣ್ಣು ಬಳಿದ್ಲು, ಮಾರಿ ದಾಟ್ಕಂಡು ಹೋಗ್ಲಿ ಅಂತ. ದಾಟ್ಲಿಲ್ಲ. ಹೊಲದ ಗುಡ್ಲಲ್ಲೇ ನನ್ ತಮ್ಮ ಹೋದ." ಅವಳು ಅಯ್ಯನವರ ಕಡೆ ತಿರುಗಿದಳು. "ಮಣ್ಣು ಬಳಿದ್ರೆ ಸಾವು ದಾಟಾಕಿಲ್ಲ. ಯಾರೋ ಒಬ್ರು ಪ್ರಾಣ ಕೊಡ್ಬೇಕು. ಯೇಸಪ್ಪ ಕೊಟ್ರಲ್ಲ, ಅದೇ ಅಲ್ವಾ ಅಯ್ನೋರೆ ಇದರ ಅರ್ಥ?"

ಅಯ್ಯನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇಡೀ ಸಭೆ ಉಸಿರು ಬಿಗಿಹಿಡಿದು ಕೂತಿತ್ತು. ಹದಿನಾಲ್ಕು ವರ್ಷದಲ್ಲಿ ತಮ್ಮ ಪಾಠಕ್ಕೆ ಒಂದು ದಿನವಾದರೂ ಇಂಥ ಮೌನ ಸಿಕ್ಕಿರಲಿಲ್ಲ ಎಂದು ಯೂನಿಕಮ್ಮನವರಿಗೆ ಚುರುಕ್ಕೆಂದಿತು.

ಮುಂದಿನ ಭಾನುವಾರ ಅಯ್ಯನವರು ಹೊಸ ಏರ್ಪಾಡೊಂದನ್ನು ತಿಳಿಸಿದರು. ಈ ವರ್ಷ ಶುಭ ಶುಕ್ರವಾರದ ಹಿಂದಿನ ದಿನ, ಯೇಸು ಶಿಷ್ಯರೊಂದಿಗೆ ಕೂತು ಮಾಡಿದ ಪಸ್ಕದ ಊಟವನ್ನು ನೆನೆದು ಎಲ್ಲರೂ ಒಟ್ಟಿಗೆ ಉಣ್ಣುವುದು. ಕುರಿಮಾಂಸ, ಹುಳಿಯಿಲ್ಲದ ರೊಟ್ಟಿ, ಯೆಹೂದ್ಯರ ಕಹಿಸೊಪ್ಪಿಗೆ ಬದಲು ಬೇವಿನ ಚಿಗುರು.

"ರೊಟ್ಟಿ ಪಟಾಲಮ್ಮ ಮಾಡಲಿ" ಎಂದರು.

ಯೂನಿಕಮ್ಮ ನಕ್ಕು ತಲೆಯಾಡಿಸಿದರು. ಮನೆಗೆ ಬಂದು ಅನ್ನಕ್ಕಿಡುವುದನ್ನೂ ಮರೆತು ಕೂತರು. ಅಲ್ಲಿಂದಾಚೆಗೆ ಕಿವಿ ತುಂಬ ಅವಳ ಹೆಸರೇ. ಭಾನುವಾರದ ಶಾಲೆಯ ಹುಡುಗಿಯೊಬ್ಬಳು, "ಪಟಾಲಮ್ಮತ್ತೆ ಹೇಳಿದ ಪಿಲೇಗಿನ ಕಥೆ ಹೇಳಿ ಟೀಚರ್" ಎಂದಾಗ ಆ ಮಗುವನ್ನು ಗದರಿಸಿಬಿಟ್ಟರು. ನಾನು ಓದಿ ಓದಿ ಕಣ್ಣು ಮಂಜು ಮಾಡಿಕೊಂಡದ್ದು ಯಾತಕ್ಕೆ? ತಮ್ಮ ಸತ್ತ ಕಥೆ ಹೇಳಿದವಳಿಗೆ ಪಸ್ಕದ ರೊಟ್ಟಿಯೇ? ಅವಳ ಸತ್ತ ತಮ್ಮನ ಮೇಲೂ ಹೊಟ್ಟೆಕಿಚ್ಚು ಪಡುತ್ತಿದ್ದೇನೆ ಎಂದು ಹೊಳೆದು ಒಂದು ಗಳಿಗೆ ಹೆದರಿದರು. ಆದರೂ ಕಿಚ್ಚು ಆರಲಿಲ್ಲ.

ಗುರುವಾರ ಬಂತು. ಗೋಧಿ ಹಿಟ್ಟು ಆ ಸೀಮೆಯಲ್ಲಿ ಅಪರೂಪ, ಅಯ್ಯನವರು ತುಮಕೂರಿನಿಂದ ತರಿಸಿದ್ದರು. ಮಧ್ಯಾಹ್ನ ಚರ್ಚಿನ ಹಿಂದಿನ ಕೋಣೆಯಲ್ಲಿ ಪಟಾಲಮ್ಮ ಹಿಟ್ಟು ಕಲಸಿ, ಒದ್ದೆ ಬಟ್ಟೆ ಹೊದಿಸಿ, ಬೇವಿನ ಚಿಗುರು ತರಲು ಹೋದಳು. ಯೂನಿಕಮ್ಮ ಅದನ್ನು ಕಿಟಕಿಯಿಂದ ನೋಡಿದರು. ಮನೆಗೆ ಹೋಗಿ, ಹುಳಿ ಬಂದು ನೊರೆಗಟ್ಟಿದ್ದ ಹಿಂದಿನ ದಿನದ ದೋಸೆ ಹಿಟ್ಟನ್ನು ಒಂದು ಲೋಟ ತಂದರು. ವಿಷವೇನೂ ಅಲ್ಲವಲ್ಲ ಎಂದುಕೊಂಡು ಹಿಟ್ಟಿಗೆ ಸುರಿದರು, ಒಂದು ಚಿಟಿಕೆ ಸೋಡವನ್ನೂ ಸೇರಿಸಿದರು. ಅಂಟಂಟಾದದ್ದಕ್ಕೆ ಇನ್ನೊಂದು ಹಿಡಿ ಗೋಧಿ ಹಿಟ್ಟು ಹಾಕಿ, ನುರಿತ ಕೈಯಲ್ಲಿ ನಾದಿ, ಬಟ್ಟೆಯನ್ನು ಮೊದಲಿನಂತೆಯೇ ಹೊದಿಸಿದರು.

ಏಪ್ರಿಲಿನ ಸೆಕೆ. ಬೆಟ್ಟದ ಬಂಡೆಯ ಕಾವು ಊರಿಗೆಲ್ಲ ಹರಡಿತ್ತು. ಸಂಜೆ ಪಟಾಲಮ್ಮ ಬಟ್ಟೆ ಎತ್ತಿದಾಗ ಹಿಟ್ಟು ಉಬ್ಬಿ, ಮೂಗಿಗೆ ಹೊಡೆಯುವಂತೆ ಹುಳಿ ನಾರುತ್ತಿತ್ತು. ಅವಳು ಬೇಸಿನ್ನನ್ನು ಹೊತ್ತು ತಂದು ಅಯ್ಯನವರ ಮುಂದಿಟ್ಟಳು.

"ಹುಳಿ ಬಂದ್ಬುಟ್ಟೈತೆ ಅಯ್ನೋರೆ."

"ಪಾತ್ರೆ ನೆಟ್ಟಗೆ ತೊಳೆದಿಲ್ಲ ಅನ್ಸುತ್ತೆ" ಎಂದರು ಯಾರೋ. "ಜಲ್ಲಿ ಒಡೆಯೋ ಕೈ" ಎಂದರು ಇನ್ಯಾರೋ. ಪಟಾಲಮ್ಮ ಬಗ್ಗಿ ಹಿಟ್ಟನ್ನು ಮೂಸಿದಳು, ತಲೆಯೆತ್ತಿ ಯೂನಿಕಮ್ಮನವರನ್ನು ನೋಡಿದಳು.

"ನಮ್ಮನೇಲಿ ಕರ್ತನ ಭೋಜನದ ರೊಟ್ಟಿಗೆ ಅಂತ ಇಟ್ಟಿರೋ ಒಂದು ಸೇರು ಗೋಧಿ ಹಿಟ್ಟಿದೆ, ಒಂದು ಗಳಿಗೆಯಲ್ಲಿ ತಟ್ಟಿ ತರ್ತೀನಿ" ಎಂದರು ಯೂನಿಕಮ್ಮ. ತಂದರು ಕೂಡ. ಎಲ್ಲರೂ ಹೊಗಳಿದರು. ಊಟಕ್ಕೆ ಕೂತಾಗ ಅಯ್ಯನವರು ರೊಟ್ಟಿ ಎತ್ತಿಹಿಡಿದು, ಪಸ್ಕಕ್ಕೆ ಮುಂಚೆ ಯೆಹೂದ್ಯರು ಮನೆಯ ಮೂಲೆಮೂಲೆಯಿಂದ ಹುಳಿಹಿಟ್ಟನ್ನು ಹುಡುಕಿ ಹೊರಹಾಕುವುದನ್ನು ವಿವರಿಸಿದರು. ನಮಗೆ ಆ ಹುಳಿ ಎಂದರೆ ಮನಸ್ಸಿನ ಕೆಡುಕು ಎಂದರು. ಯೂನಿಕಮ್ಮ ಪ್ರತಿ ವರ್ಷ ಹೇಳುತ್ತಿದ್ದ ಪಾಠವೇ ಅದು. ಅವರು ಬಾಯಲ್ಲಿದ್ದ ರೊಟ್ಟಿಯನ್ನು ನೀರು ಕುಡಿದು ನುಂಗಿದರು.

ಮರುದಿನ ಆರಾಧನೆ ಮುಗಿದ ಮೇಲೆ ಪಟಾಲಮ್ಮ ಹೊಂಗೆ ಮರದ ಕೆಳಗೆ ಅವರನ್ನು ತಡೆದು ನಿಲ್ಲಿಸಿದಳು.

"ದೋಸೆ ಹಿಟ್ಟಿನ ಉದ್ದಿನ ವಾಸನೆ ನಂಗೆ ಗೊತ್ತಾಗಾಕಿಲ್ವಾ ಟೀಚರಮ್ಮ? ನಮ್ಮನೆಗೆ ಉದ್ದು ಬಂದು ವರ್ಸ ಆಯ್ತು."

ಯೂನಿಕಮ್ಮ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಿನ್ನೆಯೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಊಟ ನಿಂತೋಗ್ತಿತ್ತು, ಮಕ್ಕಳು ಹಸ್ಕಂಡಿದ್ವು. ನಂಗೆ ಸಿಟ್ಟಿಲ್ಲ ಅಂತ ತಿಳ್ಕಬ್ಯಾಡಿ. ಮೈಯೆಲ್ಲ ಉರೀತೈತೆ."

ಶನಿವಾರ ಯೂನಿಕಮ್ಮ ತಾವೇ ಹೋಗಿ ಅಯ್ಯನವರಿಗೆ ಎಲ್ಲವನ್ನೂ ಹೇಳಿದರು. ಅವರು, "ಸಭೆಗೆ ತಿಳಿಸಬೇಕೋ ಬೇಡವೋ, ಅದನ್ನು ಪಟಾಲಮ್ಮನನ್ನೇ ಕೇಳಿ" ಎಂದರು. ಬೇಡ ಎನ್ನುತ್ತಾಳೆ ಎಂಬ ಆಸೆಯಿಂದಲೇ ಯೂನಿಕಮ್ಮ ಕೇಳಿದರು.

"ಹೇಳಿ" ಎಂದಳು ಪಟಾಲಮ್ಮ. "ನನ್ ಪಾತ್ರೆ ಕೊಳಕು ಅಂದ್ರಲ್ಲ, ಆ ಮಾತು ಹೋಗ್ಬೇಕು."

ಪುನರುತ್ಥಾನದ ಭಾನುವಾರ, ತುಂಬಿದ ಚರ್ಚಿನಲ್ಲಿ ಯೂನಿಕಮ್ಮ ಎದ್ದು ನಿಂತು ಹೇಳಿದರು. ಯಾರೂ ಬೈಯಲಿಲ್ಲ, ಆದರೆ ಆಮೇಲೆ ಕೆಲವರು ಅವರೊಂದಿಗೆ ಮಾತು ಬಿಟ್ಟರು. ಭಾನುವಾರದ ಶಾಲೆಯನ್ನು ಅಯ್ಯನವರ ಹೆಂಡತಿ ವಹಿಸಿಕೊಂಡರು.

ಹಾಗೆ ಸುಮ್ಮನೆ ಕೂತ ವಾರಗಳಲ್ಲೇ ಯೂನಿಕಮ್ಮನವರಿಗೆ ಒಂದು ವಿಷಯ ಹೊಸದಾಗಿ ಕಂಡಿತು. ಪಸ್ಕವಾಗಿ ಐವತ್ತನೆಯ ದಿನಕ್ಕೆ ಬರುವ ವಾರಗಳ ಹಬ್ಬದಲ್ಲಿ ಯೆಹೂದ್ಯರು ದೇವರಿಗೆ ಅರ್ಪಿಸುತ್ತಿದ್ದ ಎರಡು ರೊಟ್ಟಿಗಳು ಹುಳಿ ಹಾಕಿ ಸುಟ್ಟವು. ಪಾಠ ಮಾಡುವಾಗ ಎಷ್ಟೋ ಸಾರಿ ಅದನ್ನು ಹಾರಿಸಿಬಿಟ್ಟಿದ್ದರು. ಪವಿತ್ರಾತ್ಮ ಇಳಿದು ಸಭೆ ಹುಟ್ಟಿದ್ದು ಅದೇ ಹಬ್ಬದ ದಿನ. ಯೆಹೂದ್ಯರು ಒಂದು ರೊಟ್ಟಿ, ಮಿಕ್ಕ ಜನಾಂಗಗಳು ಇನ್ನೊಂದು ಎಂದು ತಾತ ಹೇಳುತ್ತಿದ್ದರು. ಹುಳಿ ಇರುವ ಜನರನ್ನೂ ದೇವರು ಕೈಯಲ್ಲಿ ಎತ್ತಿಕೊಳ್ಳುತ್ತಾನಲ್ಲ ಎಂದುಕೊಂಡಾಗ ಯೂನಿಕಮ್ಮನವರಿಗೆ ಅಳು ಬಂತು. ಸೆರಗು ಹೊದ್ದು ಬೆಟ್ಟದ ಬುಡಕ್ಕೆ ನಡೆದು, ಜಲ್ಲಿ ರಾಶಿಯ ಪಕ್ಕ ಕೂತು, ಅದನ್ನೆಲ್ಲ ಪಟಾಲಮ್ಮನಿಗೆ ಹೇಳಿದರು. ಅವಳು ಸುತ್ತಿಗೆ ಕೆಳಗಿಟ್ಟು ಪೂರ್ತಿ ಕೇಳಿದಳು.

"ಅಂಗಾದ್ರೆ ಒಂದು ನೀವು ಮಾಡಿ, ಒಂದು ನಾನು ಮಾಡ್ತೀನಿ" ಎಂದಳು.

ಪವಿತ್ರಾತ್ಮ ಇಳಿದ ಆ ಹಬ್ಬದ ಭಾನುವಾರ ಎರಡು ರೊಟ್ಟಿಗಳನ್ನು ಆರಾಧನೆಗೆ ತರಲು ಅಯ್ಯನವರೂ ಒಪ್ಪಿದರು. ಸಿರಾದಿಂದ ಬಂದು ಬಸ್ ಸ್ಟ್ಯಾಂಡಿನ ಹತ್ತಿರ ಬ್ರೆಡ್ಡಿನ ಭಟ್ಟಿ ಹಾಕಿದ್ದ ಮಕ್ಬೂಲ್ ಸಾಬರು ಹುಳಿ ಕೊಟ್ಟು, ಎರಡೂ ರೊಟ್ಟಿಗಳನ್ನು ಒಂದೇ ಸಲಕ್ಕೆ ಸುಟ್ಟುಕೊಟ್ಟರು. ಭಟ್ಟಿಯಿಂದ ಹೊರಬಂದಾಗ ಪಟಾಲಮ್ಮನದು ದುಂಡಗೆ, ಹೊಂಬಣ್ಣಕ್ಕೆ ಉಬ್ಬಿತ್ತು. ಯೂನಿಕಮ್ಮನವರದು ಒಂದು ಕಡೆ ಕುಸಿದು ಕೂತಿತ್ತು.

"ವಾಹ್, ಇದು ಯಾರದಮ್ಮಾ?" ಎಂದರು ಸಾಬರು, ಪಟಾಲಮ್ಮನ ರೊಟ್ಟಿ ತೋರಿಸಿ.

ಯೂನಿಕಮ್ಮನವರ ಎದೆ ಮತ್ತೆ ಚುರುಕ್ಕೆಂದಿತು. ಪಟಾಲಮ್ಮ ಅವರ ಮುಖವನ್ನೇ ನೋಡುತ್ತಿದ್ದಳು.

"ಹೊಟ್ಟೆ ಉರೀತೈತಾ ಟೀಚರಮ್ಮ?"

"ಉರೀತಿದೆ ಕಣೇ" ಎಂದರು ಯೂನಿಕಮ್ಮ.

ಪಟಾಲಮ್ಮ ನಕ್ಕುಬಿಟ್ಟಳು. ಇಬ್ಬರೂ ಬಿಸಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಆರಾಧನೆಯ ಗಂಟೆ ಹೊಡೆಯುವ ಮೊದಲೇ ತಲುಪಬೇಕೆಂದು ಬಿರಬಿರನೆ ಚರ್ಚಿನ ಕಡೆ ನಡೆದರು.