ಹರಾಜು ಕೂಗುವವನ ಉಸಿರು

ಹಿಂದೂಪುರದ ಹುಣಸೆಹಣ್ಣಿನ ಮಾರ್ಕೆಟ್ಟಿನಲ್ಲಿ ಹರಾಜು ಕೂಗುವ ತಿಪ್ಪೇರುದ್ರಪ್ಪನಿಗೆ ತನ್ನ ಉಸಿರಿನ ಮೇಲೆ ಊರಿಗಿಲ್ಲದ ಜಂಬವಿತ್ತು. ತೆಲುಗಿನಲ್ಲಿ ಒಂದನೇ ಸಲದ ‘ಒಕಟೋಸಾರಿ’ಯಿಂದ ಮೂರನೇ ಸಲದ ‘ಮೂಡೋಸಾರಿ’ಯವರೆಗೆ ಒಂದೇ ಉಸಿರು! ಅಂಥವನಿಗೆ ಈ ಸುಗ್ಗಿಯಲ್ಲಿ ಮುಂಜಾನೆ ಕೆಮ್ಮು, ಮೆಟ್ಟಿಲು ಹತ್ತಿದರೆ ಎದೆಬಿಗಿತ, ಉಸಿರು ಬಿಟ್ಟರೆ ಒಳಗೊಂದು ಸಿಳ್ಳೆ. ಧೂಳೆದ್ದ ದಿನ ಇನ್ನೂ ಜಾಸ್ತಿ. ತನಗೆ ತಾನೇ ಡಾಕ್ಟರಾದ ಮಹಾಶಯ ಕಂಡುಹಿಡಿದ ಕಾರಣ ಒಂದೇ: ಇಂಥ ಗಂಟಲಿಗೆ ದೃಷ್ಟಿ ತಗಲದೆ ಇರುತ್ತದೆಯೇ? ನಿಜವಾದ ಡಾಕ್ಟರ ಹತ್ತಿರ ಹೋದರೆ ಉಬ್ಬಸ ಅಂದಾರು, ಸುದ್ದಿ ಹಬ್ಬಿ ಕೂಗುವ ಕೆಲಸ ಇನ್ನೊಬ್ಬನ ಪಾಲಾದೀತು ಎಂದು ಒಳಗೊಳಗೇ ಹೆದರಿದ್ದ.

ಹೆಂಡತಿ ಮುನೆಮ್ಮ ಕಲ್ಯಾಣದುರ್ಗದವಳು. ಮೆಣಸಿನಕಾಯಿ ಸುಟ್ಟಾಗ ಘಾಟು ಬರದಿದ್ದರೆ ದೃಷ್ಟಿ ಉಂಟು, ಬಂದರೆ ಇಲ್ಲ ಎಂಬುದು ಅವಳ ತವರಿನ ನಂಬಿಕೆ. ಗಂಡನಿಗೆ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಮನೆಯೆಲ್ಲ ಘಾಟು. ತಿಪ್ಪೇರುದ್ರಪ್ಪ ಬಾಗಿಲಿಗೆ ಆತುಕೊಂಡು ಏದುಸಿರು ಬಿಡತೊಡಗಿದ. ಎರಡು ಮಾತು ಕೂಡಿಸಿ ಆಡಲಾಗಲಿಲ್ಲ.

“ನೋಡಿದ್ರಾ, ಘಾಟು ಬಂದ್ಬುಡ್ತು. ದೃಷ್ಟೀನೂ ಇಲ್ಲ, ಗಿಷ್ಟೀನೂ ಇಲ್ಲ. ನಡೀರಿ ಆಸ್ಪತ್ರೆಗೆ!” ಎಂದಳು ಮುನೆಮ್ಮ.

ಡಾಕ್ಟರಮ್ಮ ಆಸ್ತಮಾ ಎಂದೇಬಿಟ್ಟರು. ಧೂಳು, ಹೊಗೆ, ಘಾಟು ದೂರವಿಡಬೇಕು. ಮಾರ್ಕೆಟ್ಟಿನಲ್ಲಿ ಮಾಸ್ಕ್ ಹಾಕಬೇಕು. ಒಂದು ಇನ್ಹೇಲರ್ ದಿನವೂ, ಇನ್ನೊಂದು ಎದೆ ಬಿಗಿದಾಗ. “ಸಿಳ್ಳೆ ಕೇಳಿಸಿದಾಗಲೇ ಬರಬೇಕಿತ್ತು” ಎಂದು ಗದರಿದರು.

ಮುಂದಿನ ಹರಾಜಿಗೆ ಅವನು ಮಾಸ್ಕ್ ಹಾಕಲಿಲ್ಲ. ಇನ್ಹೇಲರನ್ನು ಒಳಜೇಬಿನಲ್ಲಿ ಬಚ್ಚಿಟ್ಟ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ‘ರೆಂಡೋಸಾರಿ’ ಅಂದವನಿಗೆ ಮುಂದಿನ ಮಾತು ಹೊರಡಲಿಲ್ಲ. ವ್ಯಾಪಾರಿಗಳೆಲ್ಲ ಅವನ ಬಾಯನ್ನೇ ನೋಡುತ್ತ ನಿಂತರು. ಸಾಯುವಾಗಲೂ ಜಂಬ ಬಿಡದ ಮೂರ್ಖ ನಾನು ಎಂದು ತನ್ನನ್ನೇ ಬೈದುಕೊಂಡು, ಹಣ್ಣಿನ ರಾಶಿಯಿಂದ ದೂರ ಸರಿದು, ಎಲ್ಲರೆದುರೇ ಇನ್ಹೇಲರ್ ಎಳೆದ.

ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿಗೆ ಉಸಿರು ಸಡಿಲವಾಯಿತು. ಮೂಟೆ ಹೊರುವ ರಾಮಾಂಜಿ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ:

“ಅಣ್ಣಾ, ಅದನ್ನ ಯಾವ ಡಾಕ್ಟ್ರು ಕೊಟ್ರು? ನಂಗೂ ಎರಡು ವರ್ಷದಿಂದ ಎದೇಲಿ ಸಿಳ್ಳೆ ಹೊಡೀತದೆ. ಇಲ್ಲೇ ನಿಂತು ಕೂಗೋ ನಿಂಗೇ ಏನೂ ಆಗಿಲ್ವಲ್ಲ, ಈ ಧೂಳಿಂದಲ್ಲ ಅಂದ್ಕೊಂಡ್ಬುಟ್ಟಿದ್ದೆ.”

ತಿಪ್ಪೇರುದ್ರಪ್ಪನಿಗೆ ತಲೆ ಎತ್ತಲಾಗಲಿಲ್ಲ. ಇಷ್ಟು ದಿನ ತನ್ನ ಜಂಬದ ಕೇಡು ತನ್ನೊಬ್ಬನಿಗೇ ಎಂದುಕೊಂಡಿದ್ದ.

“ಮೂಡೋಸಾರಿ ಯಾರಾದ್ರೂ ಕೂಗ್ಕಳ್ರಪ್ಪ” ಎಂದವನೇ ರಾಮಾಂಜಿಯ ಕೈ ಹಿಡಿದುಕೊಂಡು ಆಸ್ಪತ್ರೆಯ ಕಡೆ ಹೊರಟ.