ನೋಯದ ಬೂಟು

ನೊಯೆಮಿಗೆ ತಲೆ ಚಿಟ್ಟುಹಿಡಿದಿತ್ತು. ಇಟಲಿಯ ಮೋಂತೆಬೆಲ್ಲೂನದಲ್ಲಿ ಅವಳು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ, ಹಿಮದ ಮೇಲೆ ಜಾರಲು ಹಾಕುವ ಸ್ಕೀ ಬೂಟು ಯಾವುದೇ ಇರಲಿ, ಮೊದಲ ಜೋಡಿ ತಯಾರಾಗುತ್ತಿದ್ದದ್ದು ಒಬ್ಬನೇ ಮನುಷ್ಯನ ಕಾಲಿನ ಅಳತೆಗೆ. ಆ ಮನುಷ್ಯ ಅವಳಪ್ಪ ಒತ್ತಾವಿಯೊ. ಅವನ ಕಾಲು ಒಪ್ಪಿದರೆ ಬೂಟು ಅಂಗಡಿಗೆ, ಇಲ್ಲದಿದ್ದರೆ ಮೂಲೆಗೆ. ಮಗಳು ವಿನ್ಯಾಸ ಮಾಡಿದ ಎರಡು ಬೂಟುಗಳನ್ನು ಆಗಲೇ ಮೂಲೆಗೆ ತಳ್ಳಿದ್ದ ಮಹಾನುಭಾವ. ಈ ಮೂರನೆಯದೂ ಹೋದರೆ ಈ ಕೆಲಸ ಬೇರೆಯವರಿಗೆ ಕೊಡುತ್ತೇನೆಂದು ಮಾಲೀಕ ದನೀಲೊ ಮುಖಕ್ಕೆ ಹೊಡೆದಂತೆ ಹೇಳಿದ್ದ.

ಈ ಹೊಸ ಬೂಟಿನ ಹೊರಚಿಪ್ಪು ಹರಳೆಣ್ಣೆಯಿಂದ ಮಾಡಿದ ಪ್ಲಾಸ್ಟಿಕ್ಕಿನದು. ಎಲ್ಲೂ ಅಂಟಿಲ್ಲ, ಎಲ್ಲ ತಿರುಪುಮೊಳೆ. ಸವೆದ ಭಾಗವನ್ನಷ್ಟೇ ಬಿಚ್ಚಿ ಬದಲಿಸಬಹುದು. ಹಿಮ್ಮಡಿಯನ್ನು ಬಿಗಿಯಾಗಿ ಹಿಡಿದು, ಬೆರಳುಗಳನ್ನು ಅವುಗಳ ಪಾಡಿಗೆ ಬಿಟ್ಟಿದ್ದಳು.

ಅದನ್ನು ಮೆಟ್ಟಿಕೊಂಡು ಬೆಳಗ್ಗೆಯೆಲ್ಲ ಹಿಮದ ಮೇಲೆ ಜಾರಿ ಬಂದ ಒತ್ತಾವಿಯೊ ಒಂದೇ ಮಾತು ಹೇಳಿದ. "ಸಡಿಲ."

"ಎಲ್ಲಪ್ಪಾ ಸಡಿಲ? ತಿರುವಲ್ಲಿ ಹಿಮ್ಮಡಿ ಎದ್ದಿತಾ?"

"ಇಲ್ಲ."

"ಕಾಲು ಒಳಗೆ ಅಲ್ಲಾಡ್ತಾ?"

"ಇಲ್ಲ ಕಣೇ. ಆದ್ರೆ ನೋಯ್ತಾನೇ ಇಲ್ವಲ್ಲ! ನೋಯದಿದ್ರೆ ಹಿಡ್ಕೊಂಡಿದೆ ಅಂತ ಹೆಂಗೆ ಗೊತ್ತಾಗ್ಬೇಕು? ಹರಳೆಣ್ಣೆ ಕುಡಿದ್ರೆ ಹೊಟ್ಟೆ ಸಡಿಲ, ಮೆಟ್ಕೊಂಡ್ರೆ ಕಾಲು ಸಡಿಲ."

ದನೀಲೊ ಹೊಟ್ಟೆ ಹಿಡಿದುಕೊಂಡು ನಕ್ಕ. ನೊಯೆಮಿಗೆ ಇಬ್ಬರನ್ನೂ ಹಿಮದಲ್ಲಿ ಹೂತುಬಿಡುವಷ್ಟು ಸಿಟ್ಟು ಬಂತು. ಇಂಥವರಿಗೆ ಬೂಟು ಮಾಡುವ ಬದಲು ಕಲ್ಲಿಗೆ ಮಾಡಿದ್ದರೆ ಅದಾದರೂ ಬಾಯಿ ಮುಚ್ಚಿಕೊಂಡಿರುತ್ತಿತ್ತು.

ಮಧ್ಯಾಹ್ನ ಮೂವರೂ ಬೆಟ್ಟದ ಮೇಲಿನ ಊಟದ ಮನೆ ಹೊಕ್ಕರು. ಅಲ್ಲಿ ಕುರ್ಚಿ ಎಳೆಯುವ ಮೊದಲೇ ಎಲ್ಲರೂ ಕಾಲುನೋವು ತಾಳದೆ ಬೂಟಿನ ಕೊಂಡಿ ಬಿಚ್ಚುತ್ತಾರೆ. ಟಕ್ ಟಕ್ ಸದ್ದು, ಹಿಂದೆಯೇ ಒಂದು ನಿಟ್ಟುಸಿರು. ದನೀಲೊ ಬಿಚ್ಚಿದ, ನೊಯೆಮಿಯೂ ಬಿಚ್ಚಿದಳು. ಒತ್ತಾವಿಯೊ ಮೆಕ್ಕೆಜೋಳದ ಮುದ್ದೆ ಪೊಲೆಂತಾ ತಿಂದ, ಸಾಸೇಜು ತಿಂದ, ಎರಡು ಸಲ ತಾನೇ ಎದ್ದುಹೋಗಿ ವೈನ್ ತಂದ. ಹರಳೆಣ್ಣೆಯನ್ನು ಬೈಯುವುದು ಮಾತ್ರ ನಿಂತಿರಲಿಲ್ಲ.

ಬಿದ್ದ ಚಮಚ ಎತ್ತಿಕೊಳ್ಳಲು ನೊಯೆಮಿ ಮೇಜಿನಡಿ ಬಗ್ಗಿದಳು. ಅಪ್ಪನ ಬೂಟು ಕಣ್ಣಿಗೆ ಬಿತ್ತು.

"ಅಪ್ಪಾ, ನಿನ್ ಕೊಂಡಿ ನೋಡು."

ಅವನು ನೋಡಿದ. ಎಲ್ಲವೂ ಬೆಳಗ್ಗೆ ಹಾಕಿದಂತೆಯೇ ಬಿಗಿದಿದ್ದವು.

"ಮರ್ತೋಯ್ತು," ಎಂದ.

"ಮರ್ತೋಯ್ತಾ! ಮತ್ತೆ ಬೆಳಗ್ಗೆಯಿಂದ ನನ್ ಪ್ರಾಣ ಯಾಕೆ ತಿಂದೆ?"

ಒತ್ತಾವಿಯೊ ತಟ್ಟೆಯನ್ನೇ ನೋಡುತ್ತಾ ಕುಳಿತ. "ಹಂಗಾದ್ರೆ," ಎಂದ ಮೆಲ್ಲಗೆ, "ಇಷ್ಟ್ ವರ್ಷ ನಾನು ಸುಮ್ಸುಮ್ನೆ ನೋವು ತಿಂದ್ನಾ?"

ನೊಯೆಮಿಯ ಸಿಟ್ಟು ಇಳಿಯಿತು. ಚಿಕ್ಕವಳಿದ್ದಾಗ ಸಂಜೆ ಹೊತ್ತು ಅವನ ಮುಂದೆ ಬಿಸಿ ಉಪ್ಪುನೀರಿನ ಬಕೆಟ್ಟು ತಂದಿಡುತ್ತಿದ್ದವಳು ಅವಳೇ. ಸೊಟ್ಟಗಾದ ಆ ಬೆರಳುಗಳು, ಕಪ್ಪಾದ ಉಗುರುಗಳು ಅವಳಿಗೆ ಗೊತ್ತಿದ್ದವು. ವೈನ್ ಲೋಟವನ್ನು ಅವನತ್ತ ಸರಿಸಿದಳು.

ದನೀಲೊ ಕೆಮ್ಮಿದ. "ಏನಂತೀಯ ಒತ್ತಾವಿಯೊ? ಈ ಬೂಟು ಮಾರಾಟಕ್ಕೆ ಮಾಡೋಣ್ವಾ?"

"ಮಾಡು," ಎಂದ ಒತ್ತಾವಿಯೊ. ಅಭ್ಯಾಸದಿಂದ ಕೊಂಡಿಯತ್ತ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಉಳಿದ ಪೊಲೆಂತಾ ತಿನ್ನತೊಡಗಿದ.